ಪದಸೂಚಿಯಲ್ಲಿ ಬಿಟ್ಟುಹೋದವರು

ಬೆಳಿಗ್ಗೆ ಹೊರರೋಗಿಗಳ ಸಾಲು ಗೇಟಿನವರೆಗೂ ನಿಂತಿದ್ದಾಗ ನಮ್ಮ ಡೇಟಾಬೇಸ್ ಸತ್ತಿತು. ಮೊದಲು ನೋಂದಣಿ ಕೌಂಟರಿನ ಪರದೆ ನಿಂತಿತು, ಆಮೇಲೆ ಬಿಲ್ಲಿಂಗ್, ಆಮೇಲೆ ಲ್ಯಾಬ್. ನಾನು ಸರ್ವರ್ ಕೋಣೆಗೆ ಓಡಿಹೋಗಿ ನೋಡಿದರೆ ಯಂತ್ರ ಚೆನ್ನಾಗಿಯೇ ಓಡುತ್ತಿತ್ತು. ಅದರೊಳಗಿದ್ದ ಡೇಟಾಬೇಸನ್ನು ಆಪರೇಟಿಂಗ್ ಸಿಸ್ಟಮ್ ತಾನೇ ಕೊಂದುಹಾಕಿತ್ತು. ಮೆಮೊರಿ ಪೂರ್ತಿ ಮುಗಿದರೆ ಅದು ಹಾಗೆಯೇ ಮಾಡುತ್ತದೆ. ಎಲ್ಲರಿಗಿಂತ ಹೆಚ್ಚು ತಿಂದವರು ಯಾರೆಂದು ನೋಡಿ ಅವರ ಕತ್ತು ಹಿಸುಕುತ್ತದೆ.

ತಿಂದದ್ದು ಹುಡುಕಾಟದ ಪದಸೂಚಿ. ಅದನ್ನು ಆ ಹೊತ್ತಿನಲ್ಲಿ ಕಟ್ಟಲು ಹಚ್ಚಿದವರು ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರ್, ಬೇರೆ ರಾಜ್ಯದಲ್ಲಿ ಕುಳಿತು, ನನಗೆ ಒಂದು ಮಾತೂ ಹೇಳದೆ. ಸಾಲಿನಲ್ಲಿ ನಿಂತವರು ಬೈದದ್ದು ಮಾತ್ರ ನನ್ನನ್ನು.

ನಾನು ಶಹಾಬಾದಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಡೇಟಾಬೇಸ್ ನೋಡಿಕೊಳ್ಳುವವಳು. ದೊಡ್ಡ ಆಸ್ಪತ್ರೆ ಇಲ್ಲಿದೆ. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಗಳಲ್ಲಿ ಚಿಕ್ಕ ಕ್ಲಿನಿಕ್ಕುಗಳಿವೆ. ಐದೂ ಕಡೆಯ ವೈದ್ಯರು ವರ್ಷಗಟ್ಟಲೆ ಬರೆದ ಟಿಪ್ಪಣಿಗಳನ್ನು ಆಪರೇಟರುಗಳು ಟೈಪ್ ಮಾಡಿ ಒಂದೇ ಡೇಟಾಬೇಸಿಗೆ ಸೇರಿಸಿದ್ದರು. ಹೊಸ ಸಾಫ್ಟ್‌ವೇರ್ ಬಂದ ಮೇಲೆ ಯಾವ ಊರಿನಲ್ಲಿ ಕುಳಿತ ವೈದ್ಯರಾದರೂ ಒಂದು ಪದ ಹೊಡೆದರೆ, ಆ ರೋಗಿಯ ಬಗ್ಗೆ ಎಲ್ಲಿ ಯಾರು ಏನು ಬರೆದಿದ್ದರೂ ಕಾಣಬೇಕು. ಒಳ್ಳೆಯ ಯೋಜನೆ. ಅದರಲ್ಲಿ ನನಗೆ ಈಗಲೂ ತಕರಾರಿಲ್ಲ.

ಪುಸ್ತಕದ ಕೊನೆಯಲ್ಲಿ ಯಾವ ಪದ ಯಾವ ಪುಟದಲ್ಲಿದೆ ಎಂಬ ಪಟ್ಟಿ ಇರುತ್ತದಲ್ಲ, ಪದಸೂಚಿ ಎಂದರೆ ಅಂಥದ್ದೇ. ಡೇಟಾಬೇಸ್ ಪ್ರತಿಯೊಂದು ಟಿಪ್ಪಣಿಯನ್ನೂ ಪದಪದವಾಗಿ ಒಡೆದು, ಯಾವ ಪದ ಯಾರ ದಾಖಲೆಯಲ್ಲಿದೆ ಎಂದು ಜೋಡಿಸುತ್ತದೆ. ಜೋಡಿಸುವಾಗ ಎಲ್ಲವನ್ನೂ ಮೆಮೊರಿಯಲ್ಲಿ ಹರವಿಕೊಳ್ಳಬೇಕು. ಜಾಗ ಸಾಲದಿದ್ದರೆ ಒಂದಿಷ್ಟನ್ನು ಡಿಸ್ಕಿಗೆ ಬರೆದಿಟ್ಟು ಮತ್ತೆ ಮುಂದುವರಿಯಬೇಕು. ಕಂಪನಿಯವರು ಬೇಗ ಮುಗಿಯಲಿ ಎಂದು ಕೆಲಸವನ್ನು ಹಲವು ಎಳೆಗಳಾಗಿ (ಥ್ರೆಡ್) ಸೀಳಿ ಒಂದೇ ಸಲಕ್ಕೆ ಹಚ್ಚಿದ್ದರು, ಒಂದೊಂದು ಎಳೆಯೂ ತನ್ನ ಪಾಲಿನ ಮೆಮೊರಿ ಕೇಳುತ್ತಿತ್ತು. ಸಾಲದ್ದಕ್ಕೆ ಕನ್ನಡ ಪದಗಳನ್ನು ಇಡಿಯಾಗಿ ಬಿಡದೆ ಮೂರು ಮೂರು ಅಕ್ಷರದ ತುಂಡು ಮಾಡಿದ್ದರು. ನಮ್ಮ ಭಾಷೆಯಲ್ಲಿ ಒಂದು ಪದಕ್ಕೆ ಹತ್ತು ಪ್ರತ್ಯಯ ಹತ್ತುತ್ತವೆ. ಪ್ರತಿ ರೂಪವನ್ನೂ ತುಂಡು ಮಾಡುತ್ತ ಹೋದರೆ ಪಟ್ಟಿಗೆ ಕೊನೆಯೇ ಇಲ್ಲ. ಇದೆಲ್ಲ ನೋಂದಣಿ, ಬಿಲ್ಲಿಂಗ್, ಲ್ಯಾಬ್ ನಡೆಯುವ ಅದೇ ಯಂತ್ರದ ಮೇಲೆ.

ನಾನು ಆಡಳಿತಾಧಿಕಾರಿಯ ಮುಂದೆ ಹೋಗಿ ಹೇಳಿದೆ. ಒಂದೊಂದು ಊರಿನದು ಬೇರೆ ಬೇರೆ ಸೂಚಿ ಕಟ್ಟೋಣ, ಮೊದಲು ಚಿಂಚೋಳಿ, ಅದು ಸರಿಹೋದ ಮೇಲೆ ಸೇಡಂ. ಮೆಮೊರಿಗೆ ಒಂದು ಮಿತಿ ಹಾಕೋಣ, ನಿಧಾನವಾದರೆ ಆಗಲಿ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಐದೂ ಊರಿಂದು ಒಮ್ಮೆಲೇ ತೋರ್ಸಬೇಕ್ರಿ. ಒಂದೊಂದ ಊರು ಅಂತ ಹಚ್ಚಿದ್ರ ಟ್ರಸ್ಟಿನವ್ರು ಅರ್ಧಾ ಕೆಲಸ ಅಂತಾರ.”

ಹುಡುಕಾಟದ ಉದ್ಘಾಟನೆಯ ಕಾರ್ಡು ಆಗಲೇ ಛಾಪಿಸಿ ಬಂದಿತ್ತು.

ಆ ವಾರ ಸೂಚಿ ಮತ್ತೆ ಮತ್ತೆ ಬಿತ್ತು. ಒಮ್ಮೆ ಮೆಮೊರಿ ಮುಗಿಯಿತು. ಇನ್ನೊಮ್ಮೆ ಯಂತ್ರ ಡಿಸ್ಕನ್ನೇ ಮೆಮೊರಿ ಎಂದುಕೊಂಡು ಎಳೆದಾಡಿ ಎಷ್ಟು ನಿಧಾನವಾಯಿತೆಂದರೆ ಔಷಧಿ ಅಂಗಡಿಯವರು ಬಿಲ್ಲನ್ನು ಕೈಯಿಂದ ಬರೆಯಲು ಕುಳಿತರು. ಆಮೇಲೆ, ಉದ್ಘಾಟನೆ ಹತ್ತಿರ ಬಂದಾಗ, ಒಂದು ದಿನ ಸೂಚಿ ಕಟ್ಟಿ ಮುಗಿದಿತ್ತು. ಯಾವ ತೊಂದರೆಯೂ ಇಲ್ಲದೆ, ಹಿಂದೆ ತಿಂದ ಮೆಮೊರಿಯ ಅರ್ಧವನ್ನೂ ಮುಟ್ಟದೆ.

ನನಗೆ ಸಂತೋಷವಾಗಲಿಲ್ಲ, ಸಂಶಯ ಬಂತು. ಯಂತ್ರ ಅದೇ, ಟಿಪ್ಪಣಿಗಳು ಅವೇ. ಏನು ಬದಲಾಯಿಸಿದಿರಿ ಎಂದು ಎಂಜಿನಿಯರಿಗೆ ಕೇಳಿದರೆ ಸೆಟ್ಟಿಂಗ್ ಸುಧಾರಿಸಿದೆವು ಎಂದರು. ಯಾವ ಸೆಟ್ಟಿಂಗ್ ಎಂದರೆ ಕಂಪನಿಯ ಒಳಗಿನ ವಿಷಯ ಎಂದರು. ಬದಲಾವಣೆಗಳ ವಿವರ ಬೇಕೆಂದು ಮೇಲ್ ಮಾಡಿದೆ, ಮತ್ತೆ ಮಾಡಿದೆ. ಉತ್ತರವಾಗಿ ಬಂದದ್ದು ಆಡಳಿತಾಧಿಕಾರಿಯ ಫೋನು. ಆದ ಕೆಲಸವನ್ನು ಕೆದಕಬೇಡಿ, ಬ್ಯಾಕಪ್ ನೋಡಿಕೊಂಡಿರಿ ಎಂದರು. ಅಂದಿನಿಂದ ಸೂಚಿಯ ಭಾಗ ನನ್ನ ಲಾಗಿನ್‌ಗೆ ತೆರೆಯದಂತಾಯಿತು. ಉದ್ಘಾಟನೆಯಾಯಿತು. ಟ್ರಸ್ಟಿನ ಹಿರಿಯರೊಬ್ಬರು ತಮ್ಮ ಹೆಸರನ್ನೇ ಹೊಡೆದು ನೋಡಿದರು, ಅವರ ಹಳೆಯ ಮೊಣಕಾಲು ನೋವು ಪರದೆಯ ಮೇಲೆ ಬಂದದ್ದು ಕಂಡು ಎಲ್ಲರೂ ಚಪ್ಪಾಳೆ ಹೊಡೆದರು.

ಕೆಲವು ವಾರ ಕಳೆದವು. ಅವತ್ತು ನಾನು ಮಹಿಳಾ ವಾರ್ಡಿನಲ್ಲಿ ಲೇಬಲ್ ಪ್ರಿಂಟರ್ ಸರಿಮಾಡುತ್ತಿದ್ದೆ. ಚಿಂಚೋಳಿ ಕಡೆಯ ಹಳ್ಳಿಯಿಂದ ಒಬ್ಬ ಹೆಂಗಸನ್ನು ಗಂಡ ಕರೆದುಕೊಂಡು ಬಂದಿದ್ದ. ಬಹುಕಾಲದ ಸಕ್ಕರೆ ಕಾಯಿಲೆ, ಕಾಲಿನ ಗಾಯಕ್ಕೆ ಕೀವು ತುಂಬಿ ಜ್ವರ ಏರಿತ್ತು. ಪೂರ್ತಿ ಎಚ್ಚರವೂ ಇರಲಿಲ್ಲ. ಡ್ಯೂಟಿ ಡಾಕ್ಟರ್ ಸೇಡಂನವರು, ಚಿಕ್ಕ ವಯಸ್ಸಿನವರು, ಕೆಲಸದಲ್ಲಿ ಕಟ್ಟುನಿಟ್ಟು. ಹಿಂದೆ ಯಾವ ಔಷಧಿಯಾದರೂ ಒಗ್ಗದೆ ಹೋಗಿತ್ತೇ ಎಂದು ಗಂಡನನ್ನು ಕೇಳಿದರು. ಹಿಂದೆಲ್ಲ ತಾನು ಕೆಲಸದ ಮೇಲೆ ಬೇರೆ ಊರಲ್ಲಿದ್ದೆ, ದವಾಖಾನೆಗೆ ಇವಳ ಅಕ್ಕ ಕರೆದುಕೊಂಡು ಹೋಗುತ್ತಿದ್ದಳು, ತನಗೆ ಗೊತ್ತಿಲ್ಲ ಎಂದ. ಡಾಕ್ಟರ್ ರೋಗಿಯ ನಂಬರು ಹಾಕಿ, ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಇಂಜೆಕ್ಷನ್ನಿನ ಹೆಸರು ಹೊಡೆದು ಹುಡುಕಿದರು. ಏನೂ ಸಿಗಲಿಲ್ಲ. ಅಲರ್ಜಿ ಎಂದು ಹೊಡೆದರು. ಏನೂ ಇಲ್ಲ. ಚರ್ಮಕ್ಕೆ ಕೊಟ್ಟ ಟೆಸ್ಟ್ ಡೋಸಿನಲ್ಲೂ ಏನೂ ಕಾಣಲಿಲ್ಲ. ಇಂಜೆಕ್ಷನ್ ಕೊಟ್ಟರು.

ನಾನು ಪ್ರಿಂಟರಿನ ಮುಚ್ಚಳ ಹಾಕುವಷ್ಟರಲ್ಲಿ ಆಕೆಯ ತುಟಿ ಊದಿಕೊಂಡಿತು. ಆಮೇಲೆ ಗಂಟಲಿನಿಂದ ಒಂದು ಸಿಳ್ಳಿನಂಥ ಶಬ್ದ. ನರ್ಸ್ ಮಂಚವನ್ನು ಆಕೆಯ ಕಾಲಿನ ಕಡೆ ಎತ್ತಿದರು, ಡಾಕ್ಟರ್ ತೊಡೆಗೆ ಅಡ್ರಿನಲಿನ್ ಚುಚ್ಚಿದರು, ಆಮ್ಲಜನಕ ಹಚ್ಚಿದರು, ಮತ್ತೆ ಚುಚ್ಚಿದರು. ಗಂಡ ಗೋಡೆಗೆ ಒರಗಿ, ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದ. ಕೊನೆಗೆ ಬಿಪಿ ಮೇಲೇರಿತು.

ಆಕೆ ಉಳಿದಳು.

ಡಾಕ್ಟರ್ ಕೈಗವಸು ಕಿತ್ತೆಸೆದು ನೇರ ನನ್ನ ಹತ್ತಿರ ಬಂದರು. ಅವರ ದನಿ ಏರಲಿಲ್ಲ. “ನಾ ಹುಡುಕಿದೆ. ನಿಮ್ಮ ಕಂಪ್ಯೂಟರ್ ಇಲ್ಲ ಅಂತು. ನಾ ಕೊಟ್ಟೆ.”

ನಾನು ಅಲ್ಲೇ ಆಕೆಯ ದಾಖಲೆ ತೆರೆದೆ. ಹುಡುಕಾಟದಿಂದಲ್ಲ, ಪೂರ್ತಿ ದಾಖಲೆಯನ್ನೇ. ಪುಟ ಸರಿಸುತ್ತ, ಸರಿಸುತ್ತ ಕೆಳಗೆ ಹೋದರೆ ಚಿಂಚೋಳಿಯ ವೈದ್ಯರು ಬರೆದದ್ದು ಅಲ್ಲೇ ಇತ್ತು: ಇಂಜೆಕ್ಷನ್ನಿನ ಹೆಸರು, ಮೈಮೇಲೆ ದದ್ದು, ಉಸಿರು ಕಟ್ಟಿದ್ದು, ಮತ್ತೆಂದೂ ಕೊಡಬಾರದು ಎಂಬ ಮಾತು. ಡೇಟಾಬೇಸಿನಲ್ಲಿ ಒಂದು ಅಕ್ಷರವೂ ಕಳೆದಿರಲಿಲ್ಲ. ಸೂಚಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಸೂಚಿಯ ಭಾಗ ನನಗೆ ಮುಚ್ಚಿತ್ತು, ಆದರೆ ಬ್ಯಾಕಪ್ ನನ್ನ ಕೈಯಲ್ಲಿತ್ತು. ಅದನ್ನು ಬಿಚ್ಚಿ ಕಂಪನಿಯ ಸ್ಕ್ರಿಪ್ಟುಗಳನ್ನು ಓದಿದೆ. ಒಬ್ಬ ರೋಗಿಯ ಟಿಪ್ಪಣಿಗಳನ್ನೆಲ್ಲ ಹಳೆಯದರಿಂದ ಹೊಸದಕ್ಕೆ ಒಂದರ ಕೆಳಗೊಂದು ಜೋಡಿಸಿ, ಕೊನೆಯ ಕಡೆಯದನ್ನು ಕತ್ತರಿಸಿ ಎಸೆದು, ಮೊದಲ ಭಾಗವನ್ನಷ್ಟೇ ಸೂಚಿಗೆ ಕೊಡುವ ಒಂದು ಸಾಲು ಅಲ್ಲಿತ್ತು. ಮೆಮೊರಿ ಸಾಲದ್ದಕ್ಕೆ ಅವರು ಕಂಡುಕೊಂಡ ಉಪಾಯ ಅಷ್ಟೇ. ಕತ್ತರಿಸಿದ್ದೇವೆ ಎಂದು ಪರದೆಯ ಮೇಲೆ ಎಲ್ಲೂ ಹೇಳಿರಲಿಲ್ಲ. ಇಲ್ಲದ್ದಕ್ಕೂ ‘ಇಲ್ಲ’, ನೋಡದೇ ಬಿಟ್ಟದ್ದಕ್ಕೂ ‘ಇಲ್ಲ’.

ಎಂಜಿನಿಯರಿಗೆ ಫೋನ್ ಮಾಡಿದೆ. ಬಹುತೇಕ ರೋಗಿಗಳ ಟಿಪ್ಪಣಿ ಚಿಕ್ಕದಿರುತ್ತದೆ, ಅವರದ್ದೆಲ್ಲ ಪೂರ್ತಿ ಬರುತ್ತದೆ, ತೀರ ಉದ್ದ ಇರುವ ಕೆಲವರದ್ದು ಮಾತ್ರ ತುದಿ ಹೋಗುತ್ತದೆ ಎಂದು ಅವರು ಸಮಾಧಾನವಾಗಿ ವಿವರಿಸಿದರು. ನಾನು ಫೋನ್ ಇಟ್ಟು, ಯಾರ ಯಾರ ಟಿಪ್ಪಣಿ ಕತ್ತರಿಸಿದೆ ಎಂದು ತೆಗೆದು ನೋಡಿದೆ. ಡಯಾಲಿಸಿಸ್‌ಗೆ ಬರುವವರು. ಕ್ಷಯದ ಮಾತ್ರೆ ಬಿಟ್ಟು ಬಿಟ್ಟು ತಿಂದವರು. ಮತ್ತೆ ಮತ್ತೆ ಗರ್ಭ ಕಳೆದುಕೊಂಡ ಹೆಂಗಸರು. ನೆಲಕ್ಕೆ ಹಾಸುವ ಪರಸಿ ಕಲ್ಲಿಗೆ ಪಾಲಿಶ್ ಹಾಕಿ ಹಾಕಿ ಎದೆಯಲ್ಲಿ ಧೂಳು ತುಂಬಿಕೊಂಡ ಗಂಡಸರು. ಯಾರ ಕಾಯಿಲೆ ಉದ್ದವೋ ಅವರ ಟಿಪ್ಪಣಿಯೂ ಉದ್ದ. ವರ್ಷಕ್ಕೊಮ್ಮೆ ನೆಗಡಿಗೆ ಬಂದವರೆಲ್ಲ ಸೂಚಿಯಲ್ಲಿ ಇಡಿಯಾಗಿ ಕುಳಿತಿದ್ದರು. ಆ ಪಟ್ಟಿಯನ್ನು ಪೂರ್ತಿ ಪ್ರಿಂಟ್ ತೆಗೆದೆ. ಇದು ಯಾರೋ ಎಡವಿ ಮಾಡಿದ ತಪ್ಪಾಗಿರಲಿಲ್ಲ. ಕುಳಿತು, ಯೋಚಿಸಿ, ಒಂದು ಕಾರ್ಯಕ್ರಮದ ದಿನ ತಪ್ಪಬಾರದೆಂದು ಬರೆದ ಸಾಲು.

ಆಡಳಿತಾಧಿಕಾರಿ ನಾನು ಹೇಳಿದ್ದನ್ನು ಪೂರ್ತಿ ಕೇಳಿದರು, ಅಷ್ಟನ್ನು ನಾನು ಒಪ್ಪಿಕೊಳ್ಳಬೇಕು.

“ಆಕೀಗೆ ಆರಾಮ ಆಗ್ಯದಲ್ರಿ,” ಎಂದರು. “ಈಗ ಯಾಕ ಇಷ್ಟ ಸಿಟ್ಟು?”

“ಸರ್, ಇಂಥವ್ರು ಇನ್ನಾ ಭಾಳ ಮಂದಿ ಇದ್ದಾರ. ಡಾಕ್ಟರಿಗೆ ಮಷೀನ್ ಸುಳ್ಳ ಹೇಳಾಕತ್ತದ.”

“ಸುಳ್ಳ ಅಂತ ಯಾಕ ಅಂತೀರಿ. ಸ್ವಲ್ಪ ಕಡಿಮಿ ಹೇಳಾಕತ್ತದ ಅನ್ರಿ.”

ಹುಡುಕಾಟ ಬಂದ್ ಮಾಡುವುದು ಬೇಡ, ಕಂಪನಿಯವರು ಸದ್ದಿಲ್ಲದೆ ಸರಿಮಾಡಲಿ, ಆ ಹೆಂಗಸಿನ ಮನೆಯವರಿಗೆ ದೇಹಕ್ಕೆ ಒಗ್ಗಲಿಲ್ಲವೆಂದು ಹೇಳಿದರೆ ಸಾಕು ಎಂದರು. ನಾನು ಎದ್ದು ಬಂದೆ. ನೇರ ಸರ್ವರ್ ಕೋಣೆಗೆ ಹೋದೆ. ಸರ್ವರಿನ ಮುಖ್ಯ ಕೀಲಿ, ಅಂದರೆ ಪಾಸ್‌ವರ್ಡ್, ಇನ್ನೂ ನನ್ನ ಹತ್ತಿರವೇ ಇತ್ತು. ಸೂಚಿಯನ್ನು ತಿದ್ದಲು ನನಗೆ ಅಧಿಕಾರ ಇರಲಿಲ್ಲ, ಹುಡುಕಾಟದ ಸೇವೆಯನ್ನು ನಿಲ್ಲಿಸಲು ಮಾತ್ರ ಯಾರೂ ಅಡ್ಡ ಬರುವಂತಿರಲಿಲ್ಲ. ನಿಲ್ಲಿಸಿದೆ. ಐದೂ ಊರಿನ ಪರದೆಯ ಮೇಲೆ ಎರಡು ಸಾಲು ಹಾಕಿದೆ: ‘ಹುಡುಕಾಟ ಸರಿಯಿಲ್ಲ, ನಿಲ್ಲಿಸಲಾಗಿದೆ. ರೋಗಿಯ ಪೂರ್ತಿ ದಾಖಲೆ ತೆರೆದು ಕೊನೆಯವರೆಗೆ ಓದಿ.’

ಅವತ್ತು ಎಲ್ಲ ಕ್ಲಿನಿಕ್ಕುಗಳಿಂದಲೂ ಫೋನು ಬಂತು. ಚಿತ್ತಾಪುರದವರು ಹೊರಗೆ ಜನ ನಿಂತಿದ್ದಾರೆ, ಓದುತ್ತ ಕೂತರೆ ನೋಡುವವರು ಯಾರು ಎಂದು ರೇಗಿದರು. ನ್ಯಾಯವಾದ ಸಿಟ್ಟೇ. ಮರುದಿನ ನನಗೆ ಮೆಮೊ ಬಂತು: ಅನುಮತಿಯಿಲ್ಲದೆ ಸೇವೆ ಸ್ಥಗಿತಗೊಳಿಸಿದ್ದಕ್ಕೆ ಕಾರಣ ಕೊಡಿ ಎಂದು. ಕಾರಣ ಮಹಿಳಾ ವಾರ್ಡಿನಲ್ಲಿ ಮಲಗಿದೆ ಎಂದು ಬರೆದು ಕೊಟ್ಟೆ. ಅದೇ ದಿನ ಡ್ಯೂಟಿ ಡಾಕ್ಟರ್ ನಡೆದದ್ದೆಲ್ಲವನ್ನೂ ವರದಿ ಮಾಡಿದರು, ತಾವು ಹುಡುಕಿದ್ದು, ಕಂಪ್ಯೂಟರ್ ಇಲ್ಲವೆಂದದ್ದು, ಎಲ್ಲ. ಅವರಿಗೆ ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ವರದಿಯಲ್ಲಿ ನನ್ನ ವಿಭಾಗವನ್ನೂ ಬಿಟ್ಟಿರಲಿಲ್ಲ. ಆದರೆ ಆ ವರದಿ ಟ್ರಸ್ಟಿಗೆ ಹೋದ ಮೇಲೆ ಹುಡುಕಾಟ ತೆರೆಯಿರಿ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಸೂಚಿಯ ಕೀಲಿ ನನಗೆ ಮರಳಿ ಬಂತು. ಕಂಪನಿಯವರಿಗೆ ಕಾಯುತ್ತ ಕೂರದೆ ನಾನೇ ಕಟ್ಟುತ್ತೇನೆ ಎಂದೆ.

ಎಕ್ಸ್‌ರೇ ವಿಭಾಗದಲ್ಲಿ ಸುಮ್ಮನೆ ಕುಳಿತಿದ್ದ ಹಳೆಯ ಯಂತ್ರವೊಂದನ್ನು ಕೇಳಿ ತಂದು, ಬ್ಯಾಕಪ್ಪನ್ನು ಅದರ ಮೇಲೆ ಇಳಿಸಿದೆ. ಅದು ಸತ್ತರೂ ನೋಂದಣಿ ಕೌಂಟರಿಗೆ ಬಿಸಿ ತಟ್ಟುವುದಿಲ್ಲ. ಹಲವು ಎಳೆಗಳನ್ನು ತೆಗೆದು ಒಂದೇ ಎಳೆ ಇಟ್ಟೆ. ಸೂಚಿ ಕಟ್ಟುವ ಕೆಲಸಕ್ಕೆ ಚಿಕ್ಕದೊಂದು ಮೆಮೊರಿ ಮಿತಿ ಹಾಕಿದೆ. ಅದು ತುಂಬಿದಾಗ ಅಷ್ಟನ್ನು ಡಿಸ್ಕಿಗೆ ಬರೆದಿಟ್ಟು, ಕೊನೆಗೆ ಎಲ್ಲವನ್ನೂ ಕೂಡಿಸಬೇಕು. ಮೂರಕ್ಷರದ ತುಂಡುಗಳನ್ನು ಬಿಟ್ಟು ಇಡೀ ಪದಗಳನ್ನು ತೆಗೆದುಕೊಂಡೆ. ಪದದ ಮೊದಲ ಭಾಗ ಹೊಡೆದರೆ ಪ್ರತ್ಯಯ ಹತ್ತಿದ ರೂಪಗಳೂ ಸಿಗುವಂತೆ ಮಾಡಿದೆ. ಮತ್ತು ಒಂದೊಂದು ಊರಿಗೂ ಒಂದೊಂದು ಸೂಚಿ.

ಚಿಂಚೋಳಿ ಮೊದಲ ಸಲಕ್ಕೇ ಕಟ್ಟಿತು. ಸೇಡಂ ಕಟ್ಟಿತು. ವಾಡಿಯದು ಕೂಡಿಸುವ ಹೊತ್ತಿಗೆ ಡಿಸ್ಕ್ ತುಂಬಿ ನಿಂತಿತು, ಹಳೆಯ ಎಕ್ಸ್‌ರೇ ಕಡತಗಳನ್ನು ಬೇರೆಡೆಗೆ ಸಾಗಿಸಿ ಮತ್ತೆ ಹಚ್ಚಿದೆ. ಚಿತ್ತಾಪುರದ್ದು ಕಟ್ಟಿ ಮುಗಿದಂತೆ ಕಂಡಿತು. ನಂಬಲಿಲ್ಲ. ಪ್ರತಿ ರೋಗಿಯ ದಾಖಲೆಯ ಕೊನೆಯ ಸಾಲಿನಿಂದ ಒಂದು ಪದ ತೆಗೆದು, ಅದನ್ನು ಹುಡುಕಿ, ಸಿಗದಿದ್ದರೆ ಕೂಗುವ ಒಂದು ಪರೀಕ್ಷೆ ಬರೆದಿದ್ದೆ. ಅದು ಕೂಗಿತು. ಯಾರೋ ಆಪರೇಟರ್ ಅವಸರದಲ್ಲಿ ಪದಗಳ ನಡುವೆ ಜಾಗ ಬಿಡದೆ ಸಾಲುಗಟ್ಟಲೆ ಟೈಪ್ ಮಾಡಿದ್ದರು. ಅಷ್ಟುದ್ದದ ಸಾಲನ್ನು ಡೇಟಾಬೇಸ್ ಒಂದೇ ಪದವೆಂದು ತಿಳಿದು, ಇಷ್ಟು ಉದ್ದದ ಪದ ತನಗೆ ಆಗದೆಂದು ಬಿಟ್ಟುಬಿಟ್ಟಿತ್ತು. ಅದೂ ಸದ್ದಿಲ್ಲದೆ. ಅವನ್ನು ಒಂದೊಂದಾಗಿ ಒಡೆದು ಸರಿಮಾಡಿದೆ.

ಶಹಾಬಾದಿನದು ಎಲ್ಲಕ್ಕಿಂತ ದೊಡ್ಡದು, ಅದು ಮತ್ತೆ ಮೆಮೊರಿ ಮುಗಿಸಿತು. ಯಾಕೆಂದು ನೋಡಿದರೆ ಪಟ್ಟಿಯ ತುಂಬ ಅಂಕಿಗಳು. ಲ್ಯಾಬಿನ ಕೋಷ್ಟಕಗಳನ್ನು ಟಿಪ್ಪಣಿಯೊಳಗೆ ಅಂಟಿಸಿದ್ದರು. ಪ್ರತಿ ಸಕ್ಕರೆ ಮಟ್ಟ, ಪ್ರತಿ ಬಿಲ್ ನಂಬರು ಒಂದೊಂದು ಹೊಸ ಪದವಾಗಿ ಕುಳಿತಿತ್ತು. ಬರೀ ಅಂಕಿಗಳನ್ನು ಬಿಟ್ಟರೆ ಸೂಚಿ ಹಗುರಾಗುತ್ತಿತ್ತು. ಆದರೆ ಬಿಡುವುದು ಎಂಬ ಮಾತೇ ನನಗೆ ವಿಷವಾಗಿತ್ತು. ಡ್ಯೂಟಿ ಡಾಕ್ಟರ್ ಹತ್ತಿರ ಹೋಗಿ ಕೇಳಿದೆ. ಅವರು ಬಂದು ನನ್ನ ಪಕ್ಕ ಕುಳಿತು ಪಟ್ಟಿ ನೋಡಿದರು. ಬರೀ ಅಂಕಿಯನ್ನು ಯಾರೂ ಹುಡುಕುವುದಿಲ್ಲ, ಬಿಡಬಹುದು, ಆದರೆ ಬಿಟ್ಟಿದ್ದೇವೆಂದು ಪರದೆಯ ಮೇಲೆ ಬರೆಯಬೇಕು ಎಂದರು. ಬರೆದೆ. ಶಹಾಬಾದ್ ಕಟ್ಟಿತು. ಪರೀಕ್ಷೆ ಓಡಿಸಿದೆ, ಕೂಗಲಿಲ್ಲ. ಹುಡುಕಾಟ ಮತ್ತೆ ತೆರೆದೆ.

ಅಷ್ಟರಲ್ಲಿ ಚಿಂಚೋಳಿಯ ಹೆಂಗಸು ಎದ್ದು ಕೂರುವಂತಾಗಿದ್ದಳು, ಗಾಯ ಒಣಗುತ್ತಿತ್ತು. ಊರಿಗೆ ಹೊರಡುವ ದಿನ ನಾನು ಡಾಕ್ಟರ ಜೊತೆ ಹೋಗಿ ನಡೆದದ್ದನ್ನು ಗಂಡಹೆಂಡತಿ ಇಬ್ಬರಿಗೂ ಹೇಳಿದೆ. ದೇಹಕ್ಕೆ ಒಗ್ಗಲಿಲ್ಲ ಎಂದಲ್ಲ. ಬರೆದದ್ದು ಇತ್ತು, ನಮ್ಮ ಕಂಪ್ಯೂಟರ್ ಅದನ್ನು ಮರೆಮಾಚಿತ್ತು ಎಂದು. ಆಕೆ ಸೆರಗು ಸರಿಮಾಡಿಕೊಂಡಳು.

“ಚಿಂಚೋಳ್ಯಾಗ ಡಾಕ್ಟರ್ ಬರಕೊಂಡಿದ್ರವ್ವಾ,” ಎಂದಳು. “ನನ್ನ ಮುಂದೇನೇ ಬರಕೊಂಡ್ರು. ಬರದಿದ್ದು ಇರ್ತದಲ್ಲ ಅಂತ ಮನ್ಯಾಗ ನಾ ಯಾರ ಮುಂದೂ ಹೇಳ್ಲಿಲ್ಲ.”

ಗಂಡ ಕೇಳಿದ್ದು ಒಂದೇ ಮಾತು. “ಹಿಂಗ ಇನ್ನೊಬ್ರಿಗೆ ಆಗಿಲ್ಲೇನ್ರಿ?”

ಗೊತ್ತಿಲ್ಲ, ಹುಡುಕಿ ನೋಡುತ್ತೇವೆ ಎಂದೆ. ತಿಳಿಯುವ ದಾರಿ ಇತ್ತು. ಯಾರು ಯಾವಾಗ ಏನು ಹುಡುಕಿದರು ಎಂಬುದನ್ನು ಸಾಫ್ಟ್‌ವೇರ್ ಬರೆದಿಡುತ್ತಿತ್ತು. ಟಿಪ್ಪಣಿ ಕತ್ತರಿಸಿದ ರೋಗಿಗಳ ಬಗ್ಗೆ ಆ ವಾರಗಳಲ್ಲಿ ‘ಇಲ್ಲ’ ಎಂಬ ಉತ್ತರ ಬಂದ ಹುಡುಕಾಟಗಳನ್ನು ತೆಗೆದು, ಅವನ್ನೇ ಹೊಸ ಸೂಚಿಯಲ್ಲಿ ಮತ್ತೆ ಹುಡುಕಿದೆವು. ಇದು ನಮ್ಮ ಕೆಲಸವಲ್ಲ, ಊರೆಲ್ಲ ಡಂಗುರ ಹೊಡೆದಂತಾಗುತ್ತದೆ ಎಂದು ಆಡಳಿತಾಧಿಕಾರಿ ತಡೆದರು. ಡಾಕ್ಟರ್ ಅವರ ಮುಖ ನೋಡಿ, ಹಾಗಾದರೆ ಬೇಡವೆಂದು ಬರೆದುಕೊಡಿ ಎಂದರು. ಅವರು ಬರೆದುಕೊಡಲಿಲ್ಲ. ಬಹುಪಾಲು ಕಡೆ ಅಪಾಯವಿರಲಿಲ್ಲ. ಕೆಲವರಿಗೆ ಫೋನ್ ಮಾಡಿ ಮಾತ್ರೆ ಬದಲಾಯಿಸಬೇಕಾಯಿತು. ಒಬ್ಬರ ನಂಬರು ಮಾತ್ರ ಹತ್ತಲಿಲ್ಲ.

ಅವರು ವಾಡಿಯವರು, ಶಹಾಬಾದಿನ ಕಲ್ಲಿನ ಪಾಲಿಶ್ ಮಷೀನಿನ ಮೇಲೆ ಆಯುಷ್ಯ ಕಳೆದವರು. ಬಿಪಿಯ ಕೆಲವು ಮಾತ್ರೆಗಳು ಉಬ್ಬಸ ಇದ್ದವರ ಉಸಿರು ಕಟ್ಟಿಸುತ್ತವೆ. ಅಂಥದ್ದನ್ನು ಇವರಿಗೆ ಕೊಡಬಾರದೆಂದು ದಾಖಲೆಯ ಕತ್ತರಿಸಿದ ಭಾಗದಲ್ಲಿತ್ತು. ಹುಡುಕಾಟ ‘ಇಲ್ಲ’ ಎಂದಿತ್ತು. ಕ್ಲಿನಿಕ್ಕಿನವರು ಕೊಟ್ಟಿದ್ದರು.

ನಾನೇ ಹೋದೆ. ಸ್ಟೇಷನ್ ಹಿಂದಿನ ಓಣಿಯಲ್ಲಿ ವಿಚಾರಿಸುತ್ತ ಹೋಗಿ ಮನೆ ಕಂಡುಹಿಡಿದೆ. ಅವರು ಹೊರಗೆ ಪರಸಿ ಕಟ್ಟೆಯ ಮೇಲೆ ಎರಡೂ ಕೈ ಊರಿಕೊಂಡು, ಮುಂದಕ್ಕೆ ಬಾಗಿ ಕುಳಿತಿದ್ದರು. ಮಲಗಲು ಆಗುತ್ತಿಲ್ಲ, ಮಲಗಿದರೆ ದಮ್ಮು ಹತ್ತುತ್ತದೆ, ಹೊಸ ಗುಳಿಗೆ ಚಾಲೂ ಮಾಡಿದಾಗಿನಿಂದ ಹೀಗೇ, ವಯಸ್ಸಾಯಿತಲ್ಲ ಎಂದು ಸುಮ್ಮನಿದ್ದೇವೆ ಎಂದು ಅವರ ಹೆಂಡತಿ ಹೇಳಿದರು. ಡಾಕ್ಟರಿಗೆ ಫೋನ್ ಹಚ್ಚಿದೆ. ಆ ಮಾತ್ರೆ ಇನ್ನು ನುಂಗಿಸಬೇಡಿ, ಈಗಲೇ ಕರೆದುಕೊಂಡು ಬನ್ನಿ ಎಂದರು. ಆಟೊ ತರಿಸಿ ಮೂವರೂ ಹೊರಟೆವು. ಮಾತ್ರೆ ಬದಲಾದ ಮೇಲೆ ಅವರ ಉಸಿರು ಹತೋಟಿಗೆ ಬಂತು, ಮನೆಗೆ ಹೋದರು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಸಿಟ್ಟು ಹತೋಟಿಗೆ ಬಂದಿಲ್ಲ. ಅದಕ್ಕೆ ಕಾರಣ ಆ ಆಟೊದಲ್ಲಿ ಆದ ಮಾತು.

ಶಹಾಬಾದಿನ ದಾರಿಯಲ್ಲಿ ಅವರು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳುತ್ತ ಕೇಳಿದರು, “ನಂಗ ಆ ಗುಳಿಗಿ ಆಗಂಗಿಲ್ಲಂತ ನಿಮಗ ಯಾರ್ ಹೇಳಿದ್ರವ್ವಾ?”

“ನಿಮ್ಮ ಹಳಿ ಚೀಟ್ಯಾಗ ಬರದದ ರೀ.”

“ಮೊದಲಿಂದನೂ ಇತ್ತೇನು?”

“ಹೌದ್ರಿ. ಮೊದಲಿಂದನೂ ಇತ್ತು.”

ಅವರು ಆಟೊದ ಕಂಬಿ ಹಿಡಿದುಕೊಂಡು, ಆಸ್ಪತ್ರೆಯ ಗೇಟು ಬರುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದರು.